ಕನಸಿನಲ್ಲಿ ಎಚ್ಚರಿಕೆ

ಎರಡು ಬೆರಳಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿದು, ಬಾಯಿ ಮುಚ್ಚಿ, ಉಸಿರೆಳೆದುಕೊಳ್ಳಲು ನೋಡಿದ. ಬರಲಿಲ್ಲ. ಹಾಗಾದರೆ ಇದು ಕನಸಲ್ಲ. ಈ ಕಾರಿಡಾರು ನಿಜ, ಗಾಜಿನ ಗೋಡೆಯ ಆಚೆ ಭುಜಕ್ಕೆ ಭುಜ ತಾಗಿಸಿಕೊಂಡು ಬೆಲ್ಟಿನ ಮೇಲೆ ಹೋಗುತ್ತಿರುವ ಬಾಟಲಿಗಳು ನಿಜ, ಕುಲುಮೆಯ ಕಡೆಯಿಂದ ಬರುವ ಬಿಸಿಗೆ ಕಾಲರಿನೊಳಗೆ ಇಳಿಯುತ್ತಿರುವ ಬೆವರು ನಿಜ. ಆದರೂ ಅವನು ಕೈ ತೆಗೆಯಲಿಲ್ಲ. ಶಾಸ್ತ್ರಕ್ಕೆ ಹಿಡಿದರೆ ಆಗಲ್ಲ ಭಾವ, ಹಿಡಿದಾಗ ಮನಸ್ಸಲ್ಲಿ ನಿಜಕ್ಕೂ ಅನುಮಾನ ಬರಬೇಕು ಎಂದು ಭಾಮೈದ ಹೇಳಿದ್ದ. ಅನುಮಾನ ಪಡುವುದು ಅವನಿಗೆ ಹೊಸದೇನಲ್ಲ. ಅದಕ್ಕೇ ಈ ಬಾಟಲಿ ಕಾರ್ಖಾನೆಯವರು ಅವನಿಗೆ ಸಂಬಳ ಕೊಡುತ್ತಿದ್ದರು. ಏಣಿ ಕಂಡರೆ ಅದು ಜಾರುತ್ತದೆಂದೂ, ವೈರು ಕಂಡರೆ ಎಲ್ಲೋ ಸುಲಿದಿದೆಯೆಂದೂ, ನಗುತ್ತಿರುವ ಕೆಲಸಗಾರನನ್ನು ಕಂಡರೆ ಗ್ಲೌಸು ಹಾಕಿಲ್ಲವೆಂದೂ ಅನುಮಾನಿಸುವ ಸೇಫ್ಟಿ ಆಫೀಸರ್ ಅವನು. ಕಂಡ ಕಂಡ ಗೋಡೆಗೆಲ್ಲ ‘ಎಚ್ಚರಿಕೆ’ ಎಂಬ ಹಳದಿ ಬೋರ್ಡು ಹೊಡೆಸಿದ್ದರಿಂದ ಕಾರ್ಖಾನೆಯಲ್ಲಿ ಅವನ ಹೆಸರೇ ಎಚ್ಚರಿಕೆ ಎಂದಾಗಿತ್ತು. ‘ಎಚ್ಚರಿಕೆ ಬಂತು, ಹೆಲ್ಮೆಟ್ ಹಾಕ್ಕೊಳ್ರೋ’ ಎಂದು ಒಬ್ಬ ಕೂಗುವುದು, ಎಲ್ಲರೂ ಹಾಕಿಕೊಳ್ಳುವುದು, ಅವನ ಬೆನ್ನು ತಿರುಗಿದೊಡನೆ ತೆಗೆದಿಡುವುದು, ಇದು ಅಲ್ಲಿಯ ದಿನಚರಿ. ಅಂಥವನು ಈಗ ಮೂಗು ಹಿಡಿದುಕೊಂಡು, ಈ ಗೋಡೆ ನಿಜವೇ, ಆ ಗಡಿಯಾರ ನಿಜವೇ, ನಾನು ನಿಜವೇ ಎಂದು ಮನಸಾರೆ ಅನುಮಾನಿಸುತ್ತಾ ನಿಂತಿದ್ದ. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ತುಂಬಿತು. ಗಾಜಿನಾಚೆ ಪ್ಯಾಕಿಂಗಿನ ಹೆಂಗಸೊಬ್ಬಳು ತನ್ನನ್ನೇ ನೋಡುತ್ತಿರುವುದು, ನೋಡಿ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು ತಾನೂ ಮೂಗು ಮುಚ್ಚಿಕೊಂಡು ಪಕ್ಕದವಳ ತೋಳು ಜಗ್ಗಿದ್ದು ಅವನಿಗೆ ಕಾಣಲೇ ಇಲ್ಲ.

ಸೈರನ್ ಕೂಗಿದಾಗ ಅವನೇ ಮೊದಲು ಓಡಿದ. ಎಷ್ಟೋ ವರ್ಷದಿಂದ ಈ ಸದ್ದಿಗಾಗಿಯೇ ಕಾದಿದ್ದವನ ಹಾಗೆ ಓಡಿದ. ಬಾಗಿಲುಗಳನ್ನು ಹಾರು ಹೊಡೆದು ತೆರೆದ, ‘ತಳ್ಳಬೇಡಿ, ಸಾಲಾಗಿ ಬನ್ನಿ’ ಎಂದು ತಾನೇ ಒಬ್ಬಿಬ್ಬರನ್ನು ತಳ್ಳಿದ, ಅಂಗಳದ ಮರದ ಬುಡದಲ್ಲಿ ಎಲ್ಲರೂ ಸೇರುವ ಜಾಗದಲ್ಲಿ ನಿಂತು, ಬಾಗಿಲಿಂದ ಉಗುಳಿದ ಹಾಗೆ ಬರುತ್ತಿದ್ದ ಜನರನ್ನು ನೋಡಿ, ಒಳಗೊಳಗೇ ಒಂದು ಸಂತೋಷ ಏಳುತ್ತಿರುವುದನ್ನು ಗಮನಿಸಿ ನಾಚಿಕೊಂಡ. ಇಷ್ಟು ದಿನ ನಗುತ್ತಿದ್ದಿರಲ್ಲ, ಈಗ ನಗಿ ಎನ್ನುವ ಸಂತೋಷ. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಅವನಿಗೆ ಮಾತ್ರ ಯಾವ ವಾಸನೆಯೂ ಬರುತ್ತಿರಲಿಲ್ಲ.

‘ಎಲ್ಲಿ ಲೀಕು?’ ಎಂದು ಫೋರ್‌ಮನ್ನನ್ನು ಕೇಳಿದ.

‘ಅದನ್ನ ನೀವು ಹೇಳ್ಬೇಕು ಸರ್.’

‘ಸೈರನ್ ಒತ್ತಿದ್ದು ಯಾರು?’

‘ನಾನೇ. ನೀವು ಮೂಗು ಮುಚ್ಕೊಂಡು ಕಾರಿಡಾರಲ್ಲಿ ಕಣ್ಣೀರು ಹಾಕ್ತಾ ನಿಂತಿದೀರಿ ಅಂತ ಇವರೆಲ್ಲ ಬೊಬ್ಬೆ ಹಾಕಿದ್ರು. ನೀವೇ ಮೂಗು ಮುಚ್ಕೊಂಡ್ಮೇಲೆ ಇನ್ನೇನು ಉಳೀತು ಅಂತ ಒತ್ಬಿಟ್ಟೆ.’

ಅಂಗಳದಲ್ಲಿದ್ದ ಅಷ್ಟೂ ಜನ ಒಬ್ಬೊಬ್ಬರಾಗಿ ಮೂಗಿನಿಂದ ಕೈ ತೆಗೆದರು. ಅವನಿಗೆ ತನ್ನ ಮೂಗೊಂದೇ ಕಾರ್ಖಾನೆಯಷ್ಟು ದೊಡ್ಡದಾಗಿ, ಕೆಂಪಗೆ, ಎಲ್ಲರ ಎದುರು ನಿಂತಿರುವಂತೆ ಅನ್ನಿಸಿತು. ಒಳಗಿನಿಂದ, ನೋಡುವವರಿಲ್ಲದ ಬೆಲ್ಟಿನ ತುದಿಯಲ್ಲಿ ಬಾಟಲಿಗಳು ಒಂದರ ಮೇಲೊಂದು ಬಿದ್ದು ಒಡೆಯುವ ಸದ್ದು ಕೇಳಿಬರುತ್ತಿತ್ತು. ನಿಧಾನವಾಗಿ, ಬೇಸರವಿಲ್ಲದೆ, ಒಂದಾದ ಮೇಲೆ ಒಂದು. ಅದನ್ನು ಕೇಳಿದರೆ ಅವನಿಗೆ ತನ್ನ ಕನಸುಗಳ ನೆನಪಾಗುತ್ತಿತ್ತು. ಕನಸು ಬಿತ್ತು ಅನ್ನುತ್ತೇವಲ್ಲ. ಬಿದ್ದದ್ದು ಒಡೆಯದೆ ಇರುತ್ತದೆಯೇ. ಅವನಿಗೆ ಬೀಳುತ್ತಿದ್ದವು ಬರೀ ಚೂರುಗಳು. ಒಂದು ಮೊಣಕೈ. ಯಾವುದೋ ಬಾಗಿಲ ಚಿಲಕ. ಚಪ್ಪಲಿಯ ಸದ್ದು ಇದೆ, ಕಾಲಿಲ್ಲ. ಆ ಮೊಣಕೈ ತೀರಿಕೊಂಡ ಅಮ್ಮನದೆಂದು ಗೊತ್ತಾಗುತ್ತಿತ್ತು, ಏಕೆಂದರೆ ಅದರ ಮೇಲೆ ಸುಟ್ಟ ಕಲೆಯಿತ್ತು. ಅಮ್ಮ ಮಾತಾಡಲು ಹೊರಟಿದ್ದಾಳೆಂದೂ ಗೊತ್ತಾಗುತ್ತಿತ್ತು, ಏಕೆಂದರೆ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಸದ್ದು. ಅಷ್ಟಕ್ಕೆ ಕನಸು ಯಾರೋ ಚಾನೆಲ್ ಬದಲಿಸಿದ ಹಾಗೆ ಬದಲಾಗಿ, ಅವನು ಶಾಲೆಯ ಚಡ್ಡಿಯಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಿದ್ದ.

‘ಏನಿದು?’ ಎಂದು ಮ್ಯಾನೇಜರ್ ಬಂದರು. ಅವರ ಒಂದು ಕೆನ್ನೆಗೆ ಶೇವಿಂಗ್ ನೊರೆ ಹಾಗೇ ಇತ್ತು. ಆಫೀಸಿನ ಬಾತ್‌ರೂಮಿನಲ್ಲೇ ಗಡ್ಡ ಬೋಳಿಸಿಕೊಳ್ಳುವುದು ಅವರ ರೂಢಿ.

‘ಮಾಕ್ ಡ್ರಿಲ್ ಸರ್,’ ಎಂದ. ನಾಲಿಗೆ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು.

‘ನನಗೂ ಹೇಳದೆ?’

‘ಹೇಳಿದ್ರೆ ಡ್ರಿಲ್ ಆಗಲ್ಲ ಸರ್.’

ಮ್ಯಾನೇಜರ್ ನೊರೆಯಿಲ್ಲದ ಕೆನ್ನೆಯನ್ನು ಕೆರೆದುಕೊಂಡರು. ಅವರು ನಂಬುವ ಹಾಗಿದ್ದರು. ಅಷ್ಟರಲ್ಲಿ ಫೋರ್‌ಮನ್, ಯಾವ ಕೆಟ್ಟ ಉದ್ದೇಶವೂ ಇಲ್ಲದವನ ಮುಖ ಮಾಡಿಕೊಂಡು, ‘ಹಾಗಾದ್ರೆ ಸರ್, ಡ್ರಿಲ್ ಅಂತ ಗೊತ್ತಿದ್ದವರು ಎಲ್ಲರಿಗಿಂತ ಮುಂದೆ ಯಾಕೆ ಓಡಿದ್ರಿ? ನನ್ನ ಕಾಲು ತುಳಿದ್ರಿ,’ ಎಂದ. ಯಾರೋ ಕಿಸಕ್ಕೆಂದರು. ಒಬ್ಬರು ಕಿಸಕ್ಕೆಂದ ಮೇಲೆ ಉಳಿದವರು ಸುಮ್ಮನಿರುವುದುಂಟೆ; ನಗು ಮರದ ಬುಡದಿಂದ ಗೇಟಿನ ತನಕ ಹೋಗಿ ಅಲ್ಲಿ ಕಾವಲುಗಾರನನ್ನೂ ಹಿಡಿದುಕೊಂಡಿತು, ಅವನಿಗೆ ಯಾಕೆ ನಗುತ್ತಿದ್ದೇನೆಂದೂ ಗೊತ್ತಿರಲಿಲ್ಲ.

ಮ್ಯಾನೇಜರ್ ಅವನನ್ನು ರೂಮಿಗೆ ಕರೆದು ಕೂರಿಸಿ, ಬಾಗಿಲು ಹಾಕಿ, ನೊರೆ ಒರೆಸಿಕೊಂಡು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದರು. ಸಂಬಳ ಹೆಚ್ಚು ಕೇಳಲು ಬಂದಾಗಲೂ ಇದೇ ಕುರ್ಚಿಯಲ್ಲಿ ಕೂತು, ಇದೇ ಗಾಜಿನ ಪೇಪರ್‌ವೇಟಿನೊಳಗೆ ಸಿಕ್ಕಿಕೊಂಡ ಗುಳ್ಳೆಯನ್ನು ನೋಡುತ್ತಾ, ಕೊನೆಗೆ ಕಿಟಕಿಯ ಸರಳು ಸಡಿಲವಾಗಿದೆ ಎಂದಷ್ಟೇ ಹೇಳಿ ಎದ್ದು ಹೋಗಿದ್ದ. ಇವತ್ತು ಗುಳ್ಳೆ ನೋಡುತ್ತಲೇ, ‘ಕನಸಿನ ವಿಷಯ ಸರ್,’ ಎಂದುಬಿಟ್ಟ.

‘ಒಳ್ಳೇದು,’ ಎಂದರು ಮ್ಯಾನೇಜರ್, ಒಮ್ಮೆಲೇ ಹುರುಪಾಗಿ. ‘ಮನುಷ್ಯನಿಗೆ ಕನಸು ಇರ್ಬೇಕು. ಏನು ನಿಮ್ಮ ಕನಸು?’

‘ಸ್ಪಷ್ಟ ಇಲ್ಲ ಸರ್.’

‘ಅಲ್ಲೇ ನೋಡಿ ನೀವು ಎಡವೋದು. ಸ್ಪಷ್ಟ ಇರ್ಬೇಕು. ನನ್ನ ಕನಸು ಎಷ್ಟು ಸ್ಪಷ್ಟ ಅಂದ್ರೆ, ಅದರಲ್ಲಿ ಈ ಕಾರ್ಖಾನೆಗೆ ಎರಡನೇ ಕುಲುಮೆ ಎಲ್ಲಿ ಬರುತ್ತೆ, ಅದರ ಬಾಗಿಲು ಯಾವ ಕಡೆ ಅಂತಾನೂ ಹೇಳಬಲ್ಲೆ. ಛಲ ಬೇಕು.’

‘ಛಲ ಇದೆ ಸರ್. ಮಧ್ಯದಲ್ಲಿ ಕಟ್ ಆಗುತ್ತೆ.’

‘ಎಲ್ಲರಿಗೂ ಆಗುತ್ತೆ. ಬಿಡಬಾರದು.’

‘ಹಿಡ್ಕೊಳ್ಳೋಕೆ ನೋಡ್ತೀನಿ ಸರ್. ಅಷ್ಟರಲ್ಲಿ ಬ್ಯಾಂಕಿಗೆ ಹೋಗಿಬಿಡ್ತೀನಿ.’

‘ಬ್ಯಾಂಕಿಗೇ ಹೋಗ್ಬೇಕು, ಮತ್ತೆಲ್ಲಿ ಹೋಗ್ತೀರಿ?’ ಎಂದು ಮ್ಯಾನೇಜರ್ ಮೆಚ್ಚುಗೆಯಿಂದ ಅವನನ್ನು ನೋಡಿದರು. ಆಮೇಲೆ ಅವನ ಕಣ್ಣಿನ ಕೆಳಗಿನ ಕಪ್ಪು ಕಂಡು ಮೆತ್ತಗಾಗಿ, ‘ಇವತ್ತು ಮನೆಗೆ ಹೋಗಿ ಮಲಗಿ. ಈ ಮುಖ ಇಟ್ಕೊಂಡು ಕನಸು ಕಾಣೋಕೆ ಆಗಲ್ಲ,’ ಎಂದರು. ಅವರು ಹೇಳಿದ್ದರಲ್ಲೆಲ್ಲ ಸರಿಯಾಗಿದ್ದದ್ದು ಆ ಒಂದೇ ಮಾತು ಎಂದುಕೊಂಡು ಅವನು ಎದ್ದ. ಏಳುವಾಗ ಕುರ್ಚಿಯ ಕಾಲು ಅಲ್ಲಾಡುವುದು ಗಮನಕ್ಕೆ ಬಂದರೂ ಹೇಳಲಿಲ್ಲ.

ಗೇಟಿನಾಚೆ ಬಸ್ಸಿಗೆ ಕಾಯುತ್ತಾ, ಇದೆಲ್ಲ ಶುರುವಾದದ್ದು ಭಾಮೈದನಿಂದ ಎಂದು ಕೋಪ ತಂದುಕೊಳ್ಳಲು ಪ್ರಯತ್ನಿಸಿದ. ಭಾಮೈದ ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳಿಗೆ ತೋರಿಸಲೆಂದು ಮಧ್ಯಾಹ್ನವೆಲ್ಲ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಮಲಗಿ ಮಲಗಿ ನಿದ್ದೆಯ ವಿಷಯದಲ್ಲಿ ದೊಡ್ಡ ಮನುಷ್ಯನಾಗಿಬಿಟ್ಟಿದ್ದ. ತನಗೆ ಕನಸು ಬೀಳುವುದಿಲ್ಲ, ತಾನು ಕನಸಿನೊಳಗೆ ಇಳಿಯುತ್ತೇನೆ ಎನ್ನುತ್ತಿದ್ದ. ಊರಿನ ಮೇಲೆ ಹಾರುತ್ತೇನೆ, ಬೇಕಾದವರನ್ನು ಕರೆಸಿಕೊಳ್ಳುತ್ತೇನೆ, ಬೇಡದ ಗಿರಾಕಿಯನ್ನು ಮಾಯ ಮಾಡುತ್ತೇನೆ. ‘ಏನೂ ವಿದ್ಯೆ ಇಲ್ಲ ಭಾವ. ಕನಸಲ್ಲಿ ಎಚ್ಚರ ಇರ್ಬೇಕು, ಅಷ್ಟೇ,’ ಎಂದಿದ್ದ. ಇದು ತನಗೆ ಹೇಳಿಮಾಡಿಸಿದ ಕೆಲಸ ಎಂದು ಅವನಿಗೆ ಅನ್ನಿಸಿತ್ತು. ಎಚ್ಚರ ಇರುವುದು ತಾನೆ? ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೇ ಅದು. ಅವತ್ತಿನಿಂದ ಕನಸಿನಲ್ಲಿ ಅವನು ಮೆಟ್ಟಿಲಿದ್ದರೆ ಕಂಬಿ ಹಿಡಿದು ಇಳಿದ, ರಸ್ತೆಯಿದ್ದರೆ ಎರಡೂ ಕಡೆ ನೋಡಿ ದಾಟಿದ, ಬಾವಿಯ ಹತ್ತಿರ ಹೋಗಲೇ ಇಲ್ಲ. ಒಮ್ಮೆ ಒಬ್ಬಳು ಸುಂದರಿ ಬೆಟ್ಟದ ಅಂಚಿನಿಂದ ಕೈ ಬೀಸಿ ಕರೆದಾಗ, ಅಲ್ಲಿಗೆ ತಡೆಬೇಲಿ ಹಾಕಿಸಿಕೊಂಡು ಬರುತ್ತೇನೆಂದು ಹೋದವನು ವಾಪಸು ಬರುವಷ್ಟರಲ್ಲಿ ಬೆಳಗಾಗಿತ್ತು. ಕನಸುಗಳು ಮೊದಲಿಗಿಂತ ಸ್ಪಷ್ಟವೇನೋ ಆದವು, ಆದರೆ ಕಾರ್ಖಾನೆಯ ಹಾಗಾದವು.

ಮತ್ತು ಒಂದು ಸಲ ಅಮ್ಮ ಇಡಿಯಾಗಿ ಬಂದಿದ್ದಳು. ಇಡಿಯಾಗಿ ಎಂದರೆ ಮುಖ ಸಮೇತ. ಒಂದು ಮಾಳಿಗೆಯ ಮೆಟ್ಟಿಲಿನ ತಲೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಅವನ ಕಡೆ ಬಾಗಿದಳು. ಅವನ ಕಣ್ಣು ಅವಳ ಕಾಲ ಕೆಳಗೆ ಹೋಯಿತು. ಮೆಟ್ಟಿಲು ಒದ್ದೆಯಿತ್ತು. ‘ಅಮ್ಮ, ಅಲ್ಲೇ ನಿಲ್ಲು, ಜಾರುತ್ತೆ,’ ಎಂದು ಹೇಳಿ ಅವನು ಹಳದಿ ಬೋರ್ಡು ಹುಡುಕಲು ಓಡಿದ. ಎಷ್ಟು ಕೋಣೆ ಹುಡುಕಿದ, ಎಷ್ಟು ಬೀರು ತೆಗೆದ. ಬೋರ್ಡು ಸಿಕ್ಕಿ ಹಿಡಿದುಕೊಂಡು ಬಂದರೆ ಮೆಟ್ಟಿಲೂ ಇರಲಿಲ್ಲ. ಎದ್ದು ಕೂತು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ; ಅಳುತ್ತಲೇ ನೀರು ಪೋಲಾಗುತ್ತಿದೆಯೆಂದು ನಲ್ಲಿ ನಿಲ್ಲಿಸಿದ್ದರಿಂದ ಹೆಂಡತಿಗೆ ಅಳು ಕೇಳಿಸಿಬಿಟ್ಟಿತ್ತು. ಈ ಕಥೆ ಹೇಳಿದಾಗ ಭಾಮೈದ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕ. ‘ಅಯ್ಯೋ ಭಾವ, ಎಚ್ಚರ ಅಂದ್ರೆ ಹುಷಾರು ಅಲ್ಲ. ಎಚ್ಚರ ಅಂದ್ರೆ ಎಚ್ಚರ. ಮಲಗಿದೀನಿ, ಇದು ಕನಸು ಅಂತ ಗೊತ್ತಿರ್ಬೇಕು. ನೀವು ಅಲ್ಲೂ ಹೋಗಿ ಡ್ಯೂಟಿ ಮಾಡ್ತಿದೀರಲ್ಲ.’ ಆಮೇಲೆ ಆ ಮೂಗಿನ ಉಪಾಯ ಹೇಳಿಕೊಟ್ಟ. ಹಗಲೆಲ್ಲ ಹಿಡಿದು ಹಿಡಿದು ರೂಢಿಯಾದರೆ ಒಂದು ದಿನ ಕನಸಿನಲ್ಲೂ ಕೈ ಮೂಗಿಗೆ ಹೋಗುತ್ತದೆ. ಮುಚ್ಚಿದ ಮೂಗಲ್ಲಿ ಗಾಳಿ ಸರಾಗವಾಗಿ ಆಡಿತೋ, ಇದು ಕನಸೆಂದು ತಿಳಿಯುತ್ತದೆ. ತಿಳಿದ ಮೇಲೆ ನೀವೇ ರಾಜ, ನೀವು ಹೇಳಿದ ಹಾಗೆ ಎಲ್ಲ. ಒಂದೇ ಪದಕ್ಕೆ ಎರಡು ಅರ್ಥ ಇಟ್ಟವನು ಯಾರೋ, ಅವನು ತನ್ನಂಥವನನ್ನು ಕಂಡೇ ಇಟ್ಟಿರಬೇಕು ಎಂದು ಅವನಿಗೆ ಅವತ್ತು ರಾತ್ರಿಯೆಲ್ಲ ಅನ್ನಿಸಿತ್ತು.

ಬಸ್ಸು ಬರಲಿಲ್ಲ, ಹೆಂಡತಿ ಬಂದಳು. ಅವಳು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರು ಮೈಲಿ ದೂರದಿಂದಲೇ ಗೊತ್ತಾಗುತ್ತಿತ್ತು, ಕಲಿಯುವವರ ಜೀವ ಅದರ ನಡಿಗೆಯಲ್ಲೇ ಕಾಣುತ್ತಿತ್ತು: ನೆಗೆದು, ನಿಂತು, ಸೀನಿ, ಮತ್ತೆ ನೆಗೆದು. ಸ್ಟಿಯರಿಂಗ್ ಹಿಡಿದವರು ಒಬ್ಬ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಕಾಲಿನ ಕೆಳಗೆ ತನ್ನದೇ ಒಂದು ಬ್ರೇಕು ಇಟ್ಟುಕೊಂಡು, ಕಿಟಕಿಗೆ ಮೊಣಕೈ ಊರಿ, ಜಾತ್ರೆಗೆ ಹೊರಟವಳಷ್ಟು ಆರಾಮಾಗಿ ಅವನ ಹೆಂಡತಿ ಕೂತಿದ್ದಳು.

‘ಇಲ್ಯಾಕೆ ನಿಂತಿದೀರಿ? ಕೆಲಸ ಹೋಯ್ತಾ?’

‘ಮಲಗೋಕೆ ಕಳಿಸಿದಾರೆ.’

‘ಒಳ್ಳೆ ಕಾರ್ಖಾನೆ. ಹತ್ತಿ. ಡಾಕ್ಟ್ರೇ, ಇವರು ನಮ್ಮವರು. ಹಿಂದೆ ಇವರು ಕೂತಿದಾರೆ ಅಂತ ಹೆದರ್ಬೇಡಿ, ನಿಮಗಿಂತ ಅವರಿಗೇ ಜಾಸ್ತಿ ಹೆದರಿಕೆ.’

ಡಾಕ್ಟರು ಹಿಂತಿರುಗಿ ನಮಸ್ಕಾರ ಮಾಡಲು ಹೋದರು, ಕಾರು ಚರಂಡಿಯ ಕಡೆ ಹೋಯಿತು, ಹೆಂಡತಿ ಮಾತು ನಿಲ್ಲಿಸದೆಯೇ ತನ್ನ ಬ್ರೇಕು ಒತ್ತಿದಳು. ಅವನು ಹಿಂದಿನ ಸೀಟಿನಲ್ಲಿ ಬೆಲ್ಟು ಹುಡುಕುತ್ತಿದ್ದ. ಅವಳಿಗೆ ಕನ್ನಡಿಯಲ್ಲಿ ಅದು ಕಂಡಿತು. ‘ನಿನ್ನೆ ನನ್ನ ಕನಸಲ್ಲೂ ಹೀಗೇ ಕೂತಿದ್ರಿ,’ ಎಂದಳು. ಅವಳ ಕನಸುಗಳಿಗೆ ಶುರು, ನಡು, ಕೊನೆ ಎಲ್ಲ ಇರುತ್ತಿದ್ದವು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವನ್ನು ಒಂದು ಎಳೆಯೂ ತಪ್ಪದಂತೆ ಹೇಳುತ್ತಿದ್ದಳು, ಅವುಗಳಲ್ಲಿ ಅವನು ಮಾಡಿದ ತಪ್ಪುಗಳಿಗೆ ಕಾಫಿ ಮುಗಿಯುವ ತನಕ ಅವನೇ ಸಮಜಾಯಿಷಿ ಕೊಡಬೇಕಿತ್ತು. ‘ಅತ್ತೆ ಮುಂದೆ ಕೂತಿದ್ರು. ನಾನು ಓಡಿಸ್ತಿದ್ದೆ. ನೀವು ಹಿಂದೆ ಬೆಲ್ಟು ಹುಡುಕ್ತಿದ್ರಿ. ಅತ್ತೆ ಹೇಳಿದ್ರು, ಅವನಿಗೆ ಸಿಗೋ ಹೊತ್ತಿಗೆ ಊರೇ ಬಂದಿರುತ್ತೆ ಅಂತ. ಡಾಕ್ಟ್ರೇ, ಕ್ಲಚ್ಚು.’

‘ಅಮ್ಮ ಬಂದಿದ್ಲಾ? ಪೂರ್ತಿ?’

‘ಪೂರ್ತಿ ಅಂದ್ರೆ? ಅರ್ಧ ಯಾರಾದ್ರೂ ಬರ್ತಾರಾ? ವಾರಕ್ಕೆ ಒಂದು ಸಲ ಬರ್ತಾರಲ್ಲ.’

ಹೆತ್ತ ಮಗನಿಗೆ ಮೊಣಕೈ, ಸೊಸೆಗೆ ಇಡೀ ಹೆಂಗಸು. ಬದುಕಿದ್ದಾಗಲೂ ಹಾಗೇ. ಇವರಿಬ್ಬರೂ ಒಂದು ಪಕ್ಷ. ಅಮ್ಮ ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಡಬ್ಬ ಇಟ್ಟು ಹತ್ತಿ ಬಲ್ಬು ಬದಲಿಸುವಾಗ ಅವನು ಕೆಳಗೆ ಎರಡೂ ಕೈ ಚಾಚಿ ನಿಂತು, ಇಳಿ ಇಳಿ ಎಂದು ಬೇಡಿಕೊಳ್ಳುವುದು. ‘ಏ ಪುಕ್ಕಲ, ನೀನು ಕಣ್ಣು ಮುಚ್ಚಿಕೋ, ನನಗೆ ಹೆದರಿಕೆ ಆಗುತ್ತೆ,’ ಎಂದು ಅವಳು ಮೇಲಿಂದ ಅನ್ನುವುದು. ಸೊಸೆ ಅಡುಗೆಮನೆಯಿಂದ ನಗುವುದು. ಅಂಥ ಹೆಂಗಸು ಎಲ್ಲಿಂದಲೂ ಬೀಳದೆ, ಹಾಸಿಗೆಯಲ್ಲಿ ಮಲಗಿ, ಆಸ್ಪತ್ರೆಯಲ್ಲಿ, ನಿಧಾನವಾಗಿ ಸತ್ತಳು. ಅದಕ್ಕೆ ಯಾವ ಬೋರ್ಡೂ ಇರಲಿಲ್ಲ.

‘ಮತ್ತೆ ಬಂದಾಗ ಆ ವಿಷಯ ಕೇಳ್ತೀಯಾ?’ ಎಂದ, ಮುಂದಕ್ಕೆ ಬಗ್ಗಿ.

‘ಯಾವ ವಿಷಯ?’ ಎಂದವಳಿಗೆ ಗೊತ್ತಿತ್ತು. ಕನ್ನಡಿಯಲ್ಲಿ ಅವಳ ಮುಖ ಸ್ವಲ್ಪ ಬದಲಾಯಿತು. ‘ನಾನ್ಯಾಕೆ ಕೇಳ್ಲಿ? ನಿಮ್ಮಮ್ಮ, ನೀವೇ ಕೇಳ್ಬೇಕು. ಅಲ್ಲದೆ ಅವರು ನನ್ನ ಮಾತು ಎಲ್ಲಿ ಕೇಳ್ತಾರೆ? ಬರ್ತಾರೆ, ತಮಗೆ ಬೇಕಾದ್ದು ಹೇಳ್ತಾರೆ, ಹೋಗ್ತಾರೆ. ಹೋದ ವಾರ ಪೂರ್ತಿ ಬೈದರು. ಅನ್ನ ಮುದ್ದೆ ಮಾಡಿದೀಯ ಅಂತ.’

‘ನನ್ನನ್ನ ಬೈಯೋಕೂ ಬರಲ್ಲ ಅವಳು.’

‘ಈ ಕಡೆಯ ಇಂಡಿಕೇಟರ್ ಯಾವುದು ಮೇಡಂ?’ ಎಂದರು ಹಲ್ಲಿನ ಡಾಕ್ಟರು, ಅಳುಕುತ್ತಾ. ಗಂಡ ಹೆಂಡಿರ ನಡುವೆ ಸಿಕ್ಕಿಕೊಂಡೆನೆಂಬ ಸಂಕೋಚಕ್ಕೋ ಏನೋ ಅವರು ವೈಪರ್ ಹಾಕಿದರು. ಒಣ ಗಾಜಿನ ಮೇಲೆ ಅದು ಕಿರ್ರ್ ಎನ್ನುತ್ತಾ ಮನೆಯ ತನಕ ಏನನ್ನೋ ಒರೆಸುತ್ತಲೇ ಬಂತು, ಯಾರೂ ನಿಲ್ಲಿಸಲಿಲ್ಲ.

ಇಳಿಸುವಾಗ ಹೆಂಡತಿ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಶರ್ಟಿನ ತೋಳು ಹಿಡಿದು, ‘ಸುಮ್ನೆ ಮಲಗಿ. ಮೂಗು ಗೀಗು ಹಿಡೀಬೇಡಿ,’ ಎಂದಳು. ಕಾರ್ಖಾನೆಯ ಸುದ್ದಿ ಆಗಲೇ ಅವಳಿಗೆ ಹೇಗೆ ಗೊತ್ತಾಯಿತೋ. ಡಾಕ್ಟರು ಮೂಗಿನ ಕಡೆ ಆಸಕ್ತಿಯಿಂದ ನೋಡಿದರು.

ಮನೆಯಲ್ಲಿ ಗ್ಯಾಸು ಆರಿಸಿದೆಯೇ ನೋಡಿ, ಪರದೆ ಎಳೆದು, ಮಲಗಿದ. ಹಗಲು ಹೊತ್ತಿನ ಕೋಣೆ ಅವನಿಗೆ ಪರಿಚಯವಿರಲಿಲ್ಲ. ಗೋಡೆಯ ಮೇಲೆ ಬೆಳಕಿನ ಒಂದು ಪಟ್ಟಿ ಇಷ್ಟಿಷ್ಟೇ ಸರಿಯುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಚಮಚದಿಂದ ಪಾತ್ರೆ ಕೆರೆಯುತ್ತಿದ್ದರು. ಅಮ್ಮ ಹೋದ ದಿನ ಆಸ್ಪತ್ರೆಯಲ್ಲೂ ಇದೇ ಹೊತ್ತು. ಅಕ್ಕ ಒಳಗೆ ಕೂತಿದ್ದಳು, ಅವನು ಫ್ಲಾಸ್ಕಿಗೆ ಬಿಸಿನೀರು ತರಲು ಹೊರಗೆ ಹೋಗಿದ್ದ. ಬಾಗಿಲ ಮುಂದೆಯೇ ನೆಲ ಒರೆಸಿ ಒದ್ದೆ ಬಿಟ್ಟಿದ್ದರು, ಬೋರ್ಡಿಲ್ಲ. ಇಲ್ಲಿ ಹಾರ್ಟಿನವರು ಓಡಾಡ್ತಾರೆ, ಜಾರಿಬಿದ್ರೆ ಗತಿಯೇನು, ಬೋರ್ಡು ಎಲ್ಲಿ, ಕರೀರಿ ನಿಮ್ಮ ಮೇಲಿನವರನ್ನ ಎಂದು ಅವನು ಗಂಟಲೆತ್ತಿದ. ನೆಲ ಒರೆಸುವವನೂ ಗಂಟಲೆತ್ತಿದ. ನರ್ಸು ಬಂದಳು, ಅವಳಿಗೂ ಹೇಳಿದ. ಕೊನೆಗೆ ಬೋರ್ಡು ತರಿಸಿಯೇ ಬಿಟ್ಟ. ಗೆದ್ದವನ ಹಾಗೆ ಒಳಗೆ ಬಂದರೆ ಅಕ್ಕ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ‘ಅವನಿಗೆ ಹೇಳು ಅಂದ್ಲು ಕಣೋ. ಅವನಿಗೆ ಹೇಳು ಅಂತ ಸ್ಪಷ್ಟವಾಗಿ ಅಂದ್ಲು. ಆಮೇಲೆ ಏನೋ ಅಂದ್ಲು. ಬಗ್ಗಿದೆ. ಕೇಳಿಸ್ಲಿಲ್ಲ.’ ಯಾಕೆ ಕೇಳಿಸಲಿಲ್ಲವೆಂದು ಅವನು ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಹೇಳಿದ್ದು ಎಷ್ಟೋ ದಿನಗಳಾದ ಮೇಲೆ, ಬೇರೆ ಯಾವುದೋ ಜಗಳದಲ್ಲಿ, ಫೋನಿನಲ್ಲಿ: ‘ನಿನ್ನ ಕೂಗಾಟದಲ್ಲಿ ಏನೋ ಕೇಳ್ಸುತ್ತೆ ನನಗೆ?’ ಹೇಳಿ, ಹೇಳಬಾರದಿತ್ತೆಂದು ಅವಳೂ ಅತ್ತಳು. ಅವನಿಗೆ ಹೇಳು. ಏನನ್ನು? ಗ್ಯಾಸಿನ ಪುಸ್ತಕ ಎಲ್ಲಿದೆಯೆಂದೋ, ಕೂಗಬೇಡ ಎಂದೋ, ಅಥವಾ. ಆ ಅಥವಾದ ಹತ್ತಿರ ಬಂದಾಗಲೆಲ್ಲ ಅವನು ಮಗ್ಗುಲು ಬದಲಿಸುತ್ತಿದ್ದ. ಚಮಚ ಕೆರೆಯುವುದು ನಿಂತಿತು. ಬೆಳಕಿನ ಪಟ್ಟಿ ಬೀರುವಿನ ಹಿಡಿಯ ತನಕ ಬಂದು ಅಲ್ಲೇ ಉಳಿಯಿತು.

ಕಾರ್ಖಾನೆಯಲ್ಲಿ ಅವನು ಮಾಮೂಲಿನ ಹಾಗೆ ರೌಂಡಿಗೆ ಹೊರಟಿದ್ದ. ಕುಲುಮೆಯ ಹತ್ತಿರದವರೆಲ್ಲ ಹೆಲ್ಮೆಟ್ ಹಾಕಿದ್ದರು, ಪಟ್ಟಿ ಗದ್ದದ ಕೆಳಗೆ ಬಿಗಿದಿತ್ತು. ಅಚ್ಚಿನ ಹತ್ತಿರದವರೆಲ್ಲ ಗ್ಲೌಸು ಹಾಕಿದ್ದರು. ಪ್ಯಾಕಿಂಗಿನ ಹೆಂಗಸರು ಕನ್ನಡಕ ಹಾಕಿದ್ದರು, ಹಣೆಗಲ್ಲ, ಕಣ್ಣಿಗೆ. ಫೋರ್‌ಮನ್ ಕಿವಿಗೆ ಪ್ಲಗ್ಗು ಇಟ್ಟುಕೊಂಡು, ಅವನನ್ನು ಕಂಡು, ವಿನಯದಿಂದ ಏಣಿಯ ಕಾಲು ಹಿಡಿದು ನಿಂತ. ಅವನು ಇನ್ನೊಂದು ಸಾಲು ನೋಡಿದ. ಅಲ್ಲೂ ಹಾಗೇ. ಒಬ್ಬನೇ ಒಬ್ಬ ಬರಿಗೈಯಲ್ಲಿಲ್ಲ. ಬೇಕೆಂದೇ ಬೆನ್ನು ತಿರುಗಿಸಿ, ಥಟ್ಟನೆ ಮತ್ತೆ ನೋಡಿದ. ಯಾರೂ ತೆಗೆದಿರಲಿಲ್ಲ. ಇದು ನಿಜವಾಗಿರುವುದು ಸಾಧ್ಯವೇ ಇಲ್ಲ ಎಂದುಕೊಂಡ, ಅಂದುಕೊಂಡ ಕ್ಷಣವೇ ಎಲ್ಲವೂ ಒರೆಸಿಟ್ಟ ಗಾಜಿನಂತೆ ನಿಚ್ಚಳವಾಯಿತು. ಒಂದೊಂದು ಬಾಟಲಿಯ ಕತ್ತಿನಲ್ಲೂ ಒಂದೊಂದು ಕಿಟಕಿ ಹೊಳೆಯುತ್ತಿತ್ತು. ತನ್ನ ಕೈಯ ರೋಮಗಳು ಕಾಣುತ್ತಿದ್ದವು. ಮಲಗಿದ್ದೇನೆ, ಮನೆಯಲ್ಲಿ, ಪರದೆ ಎಳೆದು. ಇದು ಕನಸು. ಅವನು ಪರೀಕ್ಷೆಗೆಂದು ಬೆಲ್ಟಿಗೆ ಮನಸ್ಸಿನಲ್ಲೇ ನಿಲ್ಲು ಎಂದ. ನಿಂತಿತು. ಫೋರ್‌ಮನ್ನನಿಗೆ ಹೋಗು ಎಂದ. ಫೋರ್‌ಮನ್ ಕ್ಷಮಿಸಿ ಸರ್ ಎಂದು ಹೊರಟುಹೋದ. ಅದರ ರುಚಿಗೆ ಅವನನ್ನು ಇನ್ನೊಮ್ಮೆ ಕರೆಸಿ ಇನ್ನೊಮ್ಮೆ ಕಳಿಸಿದ. ಆಮೇಲೆ, ಹೆದರುತ್ತಾ, ಅಮ್ಮ ಎಂದ.

ಅವಳು ನಿಂತ ಬೆಲ್ಟಿನ ಅಂಚಿನ ಮೇಲೆ, ಬಾಟಲಿಗಳ ನಡುವೆ ಜಾಗ ಮಾಡಿಕೊಂಡು, ಕಾಲು ಇಳಿಬಿಟ್ಟು ಕೂತಿದ್ದಳು. ಪೂರ್ತಿ. ಅಲ್ಲಿಂದ ಇಳಿ ಎಂಬ ಮಾತು ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದ.

‘ಏನೋ ಪುಕ್ಕಲ. ಇದೇನೋ ಇದು, ನನ್ನ ಕಾಲಿಗೆ?’

ಅವಳ ಕಾಲಲ್ಲಿ ತುದಿಗೆ ಉಕ್ಕು ಕೂರಿಸಿದ, ಜಾರದ ಅಟ್ಟೆಯ, ಕಾರ್ಖಾನೆಯ ಬೂಟುಗಳಿದ್ದವು.

‘ಅದು ಸುಮ್ನೆ ಅಮ್ಮ. ಇರ್ಲಿ.’

‘ಕಬ್ಬಿಣ ಕಟ್ಟಿದ ಹಾಗಿದೆ. ಎಮ್ಮೆಗಾದ್ರೂ ಹಾಕ್ತಾರಾ ಇಂಥದ್ದನ್ನ.’

‘ಅಮ್ಮ, ಆವತ್ತು ಏನು ಹೇಳ್ತಿದ್ದೆ?’

‘ಯಾವತ್ತು?’

‘ಆಸ್ಪತ್ರೆಯಲ್ಲಿ. ಅವನಿಗೆ ಹೇಳು ಅಂದೆಯಂತೆ ಅಕ್ಕನ ಹತ್ರ. ಆಮೇಲೆ ಏನಂದೆ?’

ಅವಳು ಗಂಟಲು ಸರಿಮಾಡಿಕೊಂಡಳು. ಅವನು ಉಸಿರು ಬಿಗಿಹಿಡಿದ. ಈ ಸಲ ಕನಸು ಒಡೆಯಲಿಲ್ಲ, ಬ್ಯಾಂಕೂ ಬರಲಿಲ್ಲ. ಅಮ್ಮ ಬಾಯಿ ತೆರೆದಳು, ತೆರೆದೇ ಇದ್ದಳು, ಪಾಠ ಮರೆತ ಹುಡುಗಿಯಂತೆ ಅವನ ಮುಖವನ್ನೇ ನೋಡಿದಳು. ಬೈದಿರಬಹುದೇ ಎಂದು ಅವನಿಗೆ ಅನ್ನಿಸಿತು. ಅಮ್ಮನ ಹುಬ್ಬು ತಕ್ಷಣ ಗಂಟಿಕ್ಕಿತು, ತುಟಿ ಬೈಗುಳದ ಆಕಾರಕ್ಕೆ ಬಂತು. ಇಲ್ಲ, ಇಲ್ಲ, ಬೈದಿರಲಾರಳು ಎಂದುಕೊಂಡ. ಹುಬ್ಬು ಸಡಿಲವಾಯಿತು. ಕೂಗಿದ್ದಕ್ಕೆ ಬೇಜಾರಿಲ್ಲ ಎಂದಿರಬಹುದು ಎಂದು ಆಸೆಪಟ್ಟ. ಅಮ್ಮನ ತುಟಿ ‘ಕೂ’ ಎಂಬಲ್ಲಿಗೆ ಬಂದು ಸಿದ್ಧವಾಗಿ ನಿಂತಿತು, ಅಪ್ಪಣೆಗೆ ಕಾದ ಹಾಗೆ. ಅವನು ಬೆಚ್ಚಿ ಆ ಯೋಚನೆ ಬಿಟ್ಟ; ತುಟಿಯೂ ಬಿಟ್ಟಿತು. ಅದೇ ಬಗೆಯ ವಿನಯವನ್ನು ಈಗಷ್ಟೇ ಫೋರ್‌ಮನ್ನನ ಮುಖದಲ್ಲಿ ನೋಡಿದ್ದ.

‘ನೀನು ಸುಮ್ನಿರು, ನಾನೇನೂ ಅಂದುಕೊಳ್ಳಲ್ಲ, ನೀನಾಗೇ ಹೇಳು,’ ಎಂದ.

‘ನಾನಾಗೇ ಅಂದ್ರೆ?’ ಎಂದಳು ಅಮ್ಮ. ‘ಕೂರಿಸಿದವನು ನೀನು, ಬೂಟು ಹಾಕಿದವನು ನೀನು. ನಿನಗೆ ಗೊತ್ತಿಲ್ಲದ್ದು ನನಗೆಲ್ಲಿಂದ ಬರ್ಬೇಕೋ?’

ಅವನು ಏನೂ ಯೋಚಿಸದಿರಲು ನೋಡಿದ. ಯೋಚಿಸದಿದ್ದಾಗ ಅವಳೂ ಮಸುಕಾದಳು. ಮೊಣಕೈಯೊಂದೇ ಉಳಿಯುವ ಹಾಗಾಯಿತು. ಗಾಬರಿಯಿಂದ ಮತ್ತೆ ಯೋಚಿಸಿದ, ಮತ್ತೆ ಪೂರ್ತಿಯಾದಳು. ಸಾಲಿನಲ್ಲಿ ನಿಂತ ಕೆಲಸಗಾರರೆಲ್ಲ ಹೆಲ್ಮೆಟ್ಟಿನ ಕೆಳಗಿನಿಂದ ಮರ್ಯಾದೆಯಾಗಿ ನೋಡುತ್ತಿದ್ದರು. ಅಮ್ಮ ಬೂಟುಗಾಲನ್ನು ಬೇಸರದಿಂದ ಒಂದಕ್ಕೊಂದು ಬಡಿದುಕೊಂಡು, ಆಮೇಲೆ ಅವನ ಮುಖದಲ್ಲಿ ಏನು ಕಂಡಳೋ, ಅಥವಾ ಏನು ಕಾಣಬೇಕೆಂದು ಅವನೇ ಅಂದುಕೊಂಡನೋ, ಸ್ವಲ್ಪ ಮುಂದೆ ಬಾಗಿದಳು.

‘ನೋಡು, ಇಷ್ಟು ಕಷ್ಟಪಟ್ಟು ಬಂದಿದೀಯ. ಬೇಗ ಹೇಳು, ಯಾವುದು ಬೇಕು? ನೀನು ಒಳ್ಳೆ ಮಗ ಅಂತ ಹೇಳ್ಲಾ? ನಿನ್ನ ಮೇಲೆ ಬೇಜಾರಿಲ್ಲ ಅಂತ ಹೇಳ್ಲಾ? ನಿನಗೆ ಯಾವುದು ಇಷ್ಟಾನೋ ಅದನ್ನೇ ಹೇಳ್ಬಿಡ್ತೀನಿ. ನನ್ನ ದನಿಯಲ್ಲೇ ಇರುತ್ತೆ. ನಿನಗೂ ಸಮಾಧಾನ ಆಗುತ್ತೆ, ನನಗೇನು ಖರ್ಚು?’

‘ಬೇಡ,’ ಎಂದ. ‘ಅದು ನಿನ್ನ ದನಿಯಲ್ಲಿ ನನ್ನ ಮಾತೇ ಆಗುತ್ತೆ.’